ಪದಚರ್ಚೆ: ಮನೆಗೆ ಹಾಕಿಸುವ ‘ಇನ್ಸುಲೇಷನ್’ – ನಿರೋಧಕವೇ, ಹೊದಿಕೆಯೇ?

ಬಲ್ಲವರಿಗೆ ನಮಸ್ಕಾರ.

ಬಾಸ್ಟನ್ ನಗರದ ಹೊರವಲಯದಲ್ಲಿರುವ ನಮ್ಮ ಮನೆ 1920ರ ದಶಕದಲ್ಲಿ ಕಟ್ಟಿದ ಮರದ ಮನೆ. ಅದರ ಗೋಡೆಗಳಿಗೂ ಅಟ್ಟಕ್ಕೂ, ಒಳಗಿನ ಶಾಖ ಬೇಗ ಸೋರಿಹೋಗದಂತೆ ತುಂಬಿಸುವ ಇನ್ಸುಲೇಷನ್ ಹಾಕಿಸಿದ ಮೇಲೆ, ಇಂಥದೇ ಹಳೆಯ ಮನೆ ಕೊಂಡಿರುವ ಗೆಳೆಯರಿಗೆ ಅನುಕೂಲವಾಗಲೆಂದು ಇಲ್ಲಿನ ಕನ್ನಡ ಕೂಟದ ಸಂಚಿಕೆಗೆ ಒಂದು ಲೇಖನ ಬರೆಯತೊಡಗಿದೆ. ಮೂರು ಪದಗಳ ಬಳಿ ಬರವಣಿಗೆ ನಿಂತುಬಿಟ್ಟಿದೆ. ಮೊದಲನೆಯದೇ ಹೆಚ್ಚು ಕಾಡುತ್ತಿದೆ.

ಶಾಲೆಯ ವಿಜ್ಞಾನ ಪಾಠದ ನೆನಪಿನಿಂದ ‘ಉಷ್ಣ ನಿರೋಧಕ’ ಎಂದೇ ಆರಂಭಿಸಿದ್ದೆ. ಮನೆಯನ್ನು ಪರೀಕ್ಷಿಸಲು ಬಂದವರು ಅಟ್ಟದ ತೊಲೆಗಳ ಉದ್ದಕ್ಕೂ ಪಿಂಗಾಣಿ ಗುಂಡಿಗಳಿಗೆ ಬಿಗಿದಿದ್ದ ಹಳೆಯ ಕಾಲದ ವೈರಿಂಗನ್ನು ಕಂಡು, ಅದನ್ನು ಬದಲಾಯಿಸುವವರೆಗೆ ಕೆಲಸ ಮುಂದುವರಿಸಲಾಗದು ಎಂದಿದ್ದರು. ಆ ತಂತಿಗಳ ಕಾವು ಸುತ್ತಲಿನ ಬಯಲು ಗಾಳಿಗೆ ಸೇರಿಹೋಗಬೇಕು. ಅವುಗಳ ಮೇಲೆ ಏನನ್ನಾದರೂ ತುಂಬಿ ಮುಚ್ಚಿದರೆ ಬೆಂಕಿಯ ಅಪಾಯ. ಈ ಎಚ್ಚರಿಕೆಯನ್ನು ನಾನು ಬರೆದದ್ದು ಹೀಗೆ: ‘ತಂತಿಯ ನಿರೋಧಕ ಉದುರುತ್ತಿರುವಲ್ಲಿ ನಿರೋಧಕವನ್ನು ತುಂಬಿಸಬಾರದು.’ ಕರಡು ಓದಿದ ನನ್ನ ಹೆಂಡತಿ, ‘ಉದುರುತ್ತಿದ್ದರೆ ತುಂಬಿಸಲೇಬೇಕಲ್ಲವೇ, ಬೇಡ ಅಂತ ಯಾಕೆ ಬರೆದಿದ್ದೀರಿ?’ ಎಂದು ಕೇಳಿದಳು. ಅವಳ ಪ್ರಶ್ನೆ ನ್ಯಾಯವಾಗಿಯೇ ಇದೆ. ಮೊದಲನೆಯ ‘ನಿರೋಧಕ’ ತಂತಿಯ ಹೊರಪದರ, ಎರಡನೆಯದು ಅಟ್ಟಕ್ಕೆ ತುಂಬುವ ವಸ್ತು. ತಂತಿಯದನ್ನು ‘ಅವಾಹಕ’ ಎಂದು ಬೇರೆ ಮಾಡೋಣವೆಂದರೆ, ನಾವು ಓದಿದ ಪಾಠಗಳಲ್ಲಿ ಶಾಖವನ್ನು ಸಾಗಿಸದ ವಸ್ತುವೂ ಅವಾಹಕವೇ.

‘ನಿರೋಧಕ’ದ ಬಗ್ಗೆ ನನಗೆ ಇನ್ನೊಂದು ತಕರಾರೂ ಇದೆ. ಆ ಪದ ಪೂರ್ತಿ ತಡೆಯುವ ಭರವಸೆ ಕೊಡುತ್ತದೆ. ಆದರೆ ಅಟ್ಟಕ್ಕೆ ಹಾಕುವ ವಸ್ತು ಶಾಖವನ್ನು ನಿಲ್ಲಿಸುವುದಿಲ್ಲ, ಅದರ ಹರಿವನ್ನು ನಿಧಾನಗೊಳಿಸುತ್ತದೆ, ಅಷ್ಟೆ. ಇಲ್ಲಿ ಬಳಕೆಯಲ್ಲಿರುವ ‘ಆರ್’ ಅಂಕ ಅಳೆಯುವುದೂ ಅದನ್ನೇ: ಹಳೆಯ ವೃತ್ತಪತ್ರಿಕೆಗಳನ್ನು ಚೂರು ಮಾಡಿ ಬೋರೇಟ್ ಎಂಬ ಲವಣ ಬೆರೆಸಿದ ಸೆಲ್ಯುಲೋಸ್‌ಗೆ ಅಂಗುಲಕ್ಕೆ ಸುಮಾರು 3.5 ಎಂದಿಟ್ಟುಕೊಂಡರೆ, ಆರ್-49 ಮುಟ್ಟಲು 14 ಅಂಗುಲ ದಪ್ಪ ಬೇಕಾಗುತ್ತದೆ. ಅಂಕಕ್ಕೆ ‘ಶಾಖರೋಧ’ ಎನ್ನಲು ನನಗೆ ಅಡ್ಡಿಯಿಲ್ಲ, ಏಕೆಂದರೆ ವಿದ್ಯುತ್ತಿನ ಪಾಠದ ‘ರೋಧ’ವೂ ಹೆಚ್ಚು ಕಡಿಮೆಯ ಲೆಕ್ಕವೇ. ವಸ್ತುವಿಗೆ ಏನೆನ್ನಬೇಕು ಎಂಬುದೇ ತೊಡಕು. ಗೆಳೆಯರೊಬ್ಬರು ‘ಕಾವುತಡೆ’ ಎಂದು ಸೂಚಿಸಿದರು. ‘ಕಾವು’ ಎಂದೊಡನೆ ನನಗೆ ಮೊಟ್ಟೆಯ ಮೇಲೆ ಕೂತ ಕೋಳಿಯೇ ಕಣ್ಣಮುಂದೆ ಬರುತ್ತದೆ.

‘ಹೊದಿಕೆ’ ಹಿತವಾದ ಮಾತು, ಚಳಿಗೂ ಒಪ್ಪುತ್ತದೆ. ಆದರೆ ನಮ್ಮಲ್ಲಿ ಹುಲ್ಲು, ಹೆಂಚು ಹೊದಿಸುವುದೆಂದರೆ ಸೂರಿನ ಕೆಲಸ. ಇಲ್ಲಿ ಅದು ಬೇರೆಯೇ ಗುತ್ತಿಗೆ, ಬೇರೆಯೇ ಖರ್ಚು. ಮೇಲಾಗಿ ಗೋಡೆಗೆ ಯಾರೂ ಏನನ್ನೂ ಹೊದಿಸಲಿಲ್ಲ. ಹೊರಮೈಯ ಹಲಗೆಗಳನ್ನು ಸಾಲಾಗಿ ಬಿಚ್ಚಿ, ಒಳಹಲಗೆಗೆ ತೂತು ಕೊರೆದು, ಕೊಳವೆ ತೂರಿಸಿ, ಬೂದುಬಣ್ಣದ ಆ ಕಾಗದದ ಹಿಂಜನ್ನು ಯಂತ್ರದಿಂದ ಊದಿ ತುಂಬಿಸಿದರು. ಅಟ್ಟದಲ್ಲಿ ಅದನ್ನೇ ಹಾಸಿದರು. ಅದಕ್ಕೂ ಮೊದಲು, ದೀಪದ ಡಬ್ಬಿಗಳ ಮತ್ತು ಚಿಮಣಿಯ ಸುತ್ತಲಿನ ಸಂದುಗಳನ್ನು ಮೆತ್ತಿ ಮುಚ್ಚಿದರು. ಇಂಗ್ಲಿಷಿನವರು ಒಂದೇ ಕ್ರಿಯಾಪದದಲ್ಲಿ ಮುಗಿಸುವಲ್ಲಿ ಕನ್ನಡ ಮೂರನ್ನು ಕೇಳುತ್ತದೆ: ಹಾಸು, ತುಂಬು, ಮೆತ್ತು. ಚಿತ್ರದುರ್ಗದ ಕಡೆಯ ಮಾಳಿಗೆ (ಮಣ್ಣಿನ ಸಪಾಟು ಸೂರಿನ) ಮನೆಯಲ್ಲಿ ಬೆಳೆದ ನನ್ನ ಅಮ್ಮ ಹೇಳುತ್ತಿದ್ದುದು ‘ಮಾಳಿಗೆಗೆ ಕರಲು ಮಣ್ಣು ಹಾಕಿಸಿದೆವು’ ಎಂದಷ್ಟೆ. ಆ ಮಣ್ಣು ಮಳೆನೀರನ್ನೂ ತಡೆಯುತ್ತಿತ್ತು, ಬೇಸಗೆಯಲ್ಲಿ ಮನೆಯನ್ನು ತಂಪಾಗಿಯೂ ಇಡುತ್ತಿತ್ತು. ಆ ಗುಣಕ್ಕೊಂದು ಬೇರೆ ಹೆಸರಿಡುವ ಅಗತ್ಯ ಅವರಿಗೆ ಬಿದ್ದಿರಲಿಲ್ಲ.

ಎರಡನೆಯದು ‘ರಿಬೇಟ್’. ಖಾದಿ ಭಂಡಾರದ ದಯೆಯಿಂದ ರಿಬೇಟು ನಮ್ಮದೇ ಪದವಾಗಿದೆ, ಬೆಂಗಳೂರಿನ ಆಸ್ತಿ ತೆರಿಗೆಯನ್ನು ಬೇಗ ಕಟ್ಟಿದವರಿಗೆ ಸಿಗುವ ಶೇ 5ನ್ನು ಪತ್ರಿಕೆಗಳು ‘ರಿಯಾಯಿತಿ’ ಎನ್ನುತ್ತವೆ. ಮ್ಯಾಸಚೂಸೆಟ್ಸ್‌ನಲ್ಲಿ ‘ಮಾಸ್ ಸೇವ್’ ಎಂಬ ಯೋಜನೆಯಿದ್ದು, ವಿದ್ಯುತ್ ಮತ್ತು ಗ್ಯಾಸ್ ಬಿಲ್ಲುಗಳಲ್ಲೇ ಸಂಗ್ರಹಿಸುವ ಹಣದಿಂದ ಅದು ನಡೆಯುತ್ತದೆ. ನಮ್ಮ ಕೆಲಸಕ್ಕೆ 8,000 ಡಾಲರ್ ಅಂದಾಜಾಗಿ, ಮುಕ್ಕಾಲು ಪಾಲನ್ನು ಯೋಜನೆಯೇ ನೇರವಾಗಿ ಗುತ್ತಿಗೆದಾರರಿಗೆ ಕೊಟ್ಟು, ನಮಗೆ 2,000 ಡಾಲರಿನ ಬಿಲ್ಲಷ್ಟೇ ಬಂತು. ಇದಕ್ಕೆ ‘ಸಹಾಯಧನ’ ಸರಿಯೆನಿಸುತ್ತದೆ. ಮೊದಲು ಪೂರ್ತಿ ಕಟ್ಟಿ ಆಮೇಲೆ ಚೆಕ್ ಪಡೆಯುವಂಥದ್ದಕ್ಕೆ ಮಾತ್ರ ‘ರಿಬೇಟು’ ಉಳಿಸಿಕೊಳ್ಳಬಹುದು. ಇದಲ್ಲದೆ, 2023ರಿಂದ 2025ರ ಕೊನೆಯವರೆಗೆ ಮುಗಿದ ಕೆಲಸಗಳಿಗೆ ಸಾಮಗ್ರಿಯ ವೆಚ್ಚದ ಶೇ 30ರಷ್ಟನ್ನು, ವರ್ಷಕ್ಕೆ 1,200 ಡಾಲರ್ ಮೀರದಂತೆ, ಕೇಂದ್ರ ಸರ್ಕಾರದ ಆದಾಯ ತೆರಿಗೆಯಿಂದ ಕಳೆಯಲು ಅವಕಾಶವಿತ್ತು. ಇದನ್ನು ‘ತೆರಿಗೆ ವಿನಾಯಿತಿ’ ಎಂದು ಬರೆದರೆ ಓದುವವರು ಆದಾಯದಲ್ಲಿ ಕಳೆಯುವುದೆಂದು ತಿಳಿದಾರು. ಕಳೆಯುವುದು ಕಟ್ಟಬೇಕಾದ ತೆರಿಗೆಯಲ್ಲೇ. ಭಾರತದ 1961ರ ಆದಾಯ ತೆರಿಗೆ ಕಾಯ್ದೆಯ 87ಎ ಕಲಮಿನ ರಿಬೇಟೂ ಇದೇ ಬಗೆಯದಾದ್ದರಿಂದ ‘ತೆರಿಗೆ ರಿಬೇಟು’ ಎಂದರೆ ಸಾಕೇನೋ.

ಮೂರನೆಯದು ‘ಪರ್ಮಿಟ್’. ‘ಪರವಾನಗಿ’ ಎಂದು ಬರೆದು ಹೊಡೆದುಹಾಕಿದ್ದೇನೆ. ಗುತ್ತಿಗೆದಾರನಿಗೆ ರಾಜ್ಯ ಕೊಟ್ಟ ಲೈಸೆನ್ಸ್ ಒಂದಿರುತ್ತದೆ, ಈ ಮನೆಯ ಈ ಕೆಲಸಕ್ಕೆಂದು ಊರಿನ ಕಟ್ಟಡ ಇಲಾಖೆ ಕೊಡುವ ಚೀಟಿ ಇನ್ನೊಂದಿರುತ್ತದೆ, ಮೊದಲನೆಯದಿಲ್ಲದೆ ಎರಡನೆಯದು ಅವನ ಕೈಗೆ ಸಿಗುವುದಿಲ್ಲ. ಹಾಗಾಗಿ ವ್ಯಕ್ತಿಗೆ ‘ಪರವಾನಗಿ’, ಕೆಲಸಕ್ಕೆ ‘ಅನುಮತಿ ಪತ್ರ’ ಎಂದು ಹಂಚಿದ್ದೇನೆ.

ಸದ್ಯಕ್ಕೆ ಕರಡಿನಲ್ಲಿ ‘ಇನ್ಸುಲೇಷನ್’ ಎಂದೇ ಉಳಿಸಿಕೊಂಡು, ಕ್ರಿಯಾಪದಗಳನ್ನು ಮಾತ್ರ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಲೆನಾಡಿನ ಮುಚ್ಚಿಗೆಯ ಮೇಲೆ ಹರಡುವ ಮಣ್ಣಿಗೋ, ಉತ್ತರ ಕರ್ನಾಟಕದ ಮಾಳಿಗೆಯ ಪದರಗಳಿಗೋ, ಈಚೆಗೆ ಆಲೂಗೆಡ್ಡೆಯ ಶೀತಲಗೃಹಗಳ ಗೋಡೆಗೆ ಹಾಕುವ ಹಲಗೆಗಳಿಗೋ ಕೆಲಸಗಾರರ ಬಾಯಲ್ಲಿ ಪ್ರತ್ಯೇಕವಾದ ಹೆಸರೇನಾದರೂ ಇದೆಯೇ? ಇದ್ದರೆ ಯಾವ ಊರಿನ ಬಳಕೆ ಎಂಬುದನ್ನೂ ಸೇರಿಸಿ ತಿಳಿಸಬೇಕೆಂದು ಕೋರುತ್ತೇನೆ.