ಹಸಿರು ರೇಷ್ಮೆಹುಳ ಮತ್ತು ಮಂಚದ ಕೆಳಗಿನ 310 ಪುಸ್ತಕ

ಟ್ಯೂಷನ್ ಮಿಸ್, ಶಿಡ್ಲಘಟ್ಟ:

ನಮಸ್ಕಾರ. ಮನೆಯಲ್ಲೇ ಟ್ಯೂಷನ್ ಹೇಳಿಕೊಡುತ್ತೇನೆ, ಬಿಡುವಾದಾಗ ಮಕ್ಕಳ ಕತೆ ಬರೆಯುತ್ತೇನೆ. ಹೋದ ವರ್ಷ ಕೈಯಿಂದ ದುಡ್ಡು ಹಾಕಿ ಒಂದು ಚಿತ್ರಪುಸ್ತಕ ಮಾಡಿಸಿದೆ. 24 ಪುಟ, ಬಣ್ಣದ್ದು, ಬೆಲೆ 90 ರೂಪಾಯಿ. ಕತೆ ನಮ್ಮೂರಿನದೇ. ರೇಷ್ಮೆಹುಳಕ್ಕೆ ಜ್ವರ ಬಂದಿದೆ ಅಂತ ಅಜ್ಜಿ ಹೇಳಿದ್ದು ಕೇಳಿ ಮೊಮ್ಮಗಳು ಮಾತ್ರೆ ತರಲು ಓಡುತ್ತಾಳೆ. (ಹುಳು ಸಾಕದ ಊರಿನವರಿಗೆ: ಪೊರೆ ಬಿಡುವ ಮುಂಚೆ ಹುಳ ಸೊಪ್ಪು ತಿನ್ನುವುದು ಬಿಟ್ಟು, ತಲೆ ಎತ್ತಿಕೊಂಡು ಸುಮ್ನೆ ಇದ್ದುಬಿಡುತ್ತೆ. ಅದಕ್ಕೆ ಜ್ವರ ಅನ್ನುತ್ತಾರೆ. ಒಟ್ಟು ನಾಲ್ಕು ಜ್ವರ.)

ಚಿತ್ರ ಬರೆದ ಹುಡುಗ ಬೆಂಗಳೂರಿನವನು. ಹುಳು ಮನೆಯ ಒಳಗೆ ಕಾಲಿಟ್ಟವನಲ್ಲ. ಚಂದ್ರಿಕೆ (ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ) ಅಂದರೆ ಏನು ಅಂತ ಫೋಟೋ ಕಳಿಸಿದ್ದೆ, ಅದನ್ನು ಚೆನ್ನಾಗಿಯೇ ಬರೆದ. ಹುಳದ ಫೋಟೋ ಕಳಿಸಬೇಕು ಅಂತ ನನಗೂ ಹೊಳೆಯಲಿಲ್ಲ. ಪುಸ್ತಕ ಬಂದ ದಿನ ಟ್ಯೂಷನ್ ಮಕ್ಕಳಿಗೆ ಖುಷಿಯಿಂದ ಬಿಡಿಸಿ ತೋರಿಸಿದೆ. ಐದನೇ ಪುಟಕ್ಕೆ ಒಬ್ಬ ಎದ್ದು ನಿಂತ. "ಮಿಸ್, ಇದು ನಮ್ಮ ಹುಳ ಅಲ್ಲ. ನಿಂಬೆ ಗಿಡದ್ದು." ನೋಡಿದರೆ ಎಲೆಯಷ್ಟೇ ಹಸಿರು ಹುಳ! ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ.

500 ಹಾಕಿಸಿದ್ದೆ. 310 ಇನ್ನೂ ಮಂಚದ ಕೆಳಗಿದೆ. ಈ ಊರಿನಲ್ಲಿ ಅದನ್ನು ಮಾರಲು ನಾಚಿಕೆ. ಈಗ ಎರಡನೇ ಕತೆ ರೆಡಿ. ನನ್ನ ಪ್ರಶ್ನೆ: ಉಳಿದದ್ದನ್ನು ಏನು ಮಾಡಲಿ? ಹೊಸದನ್ನು ಎಷ್ಟು ಹಾಕಿಸಲಿ?

ಅರ್ಕಾವೊತ್ತು, ತುಮಕೂರು:

ಮೇಡಂ, ನಾನು ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ) ಕೆಲಸದವನು, ಇಪ್ಪತ್ತು ವರ್ಷ ಆಯ್ತು. ಎರಡನೇ ಪ್ರಶ್ನೆಗೆ ಮಾತ್ರ ಉತ್ತರ.

ಆಫ್‌ಸೆಟ್‌ನಲ್ಲಿ ಅಚ್ಚಿಗೆ ಮಾಡಿಸುವ ಪ್ಲೇಟಿನ ಖರ್ಚು 100 ಹಾಕಿದರೂ ಅಷ್ಟೇ, 1000 ಹಾಕಿದರೂ ಅಷ್ಟೇ. ಅದಕ್ಕೇ ಪ್ರೆಸ್‌ನವರು "ಇನ್ನೊಂದು ಐನೂರು ಹಾಕ್ಸಿಬಿಡಿ, ಪ್ರತಿಗೆ ಕಮ್ಮಿ ಬೀಳುತ್ತೆ" ಅನ್ನುವುದು. ಕಮ್ಮಿ ಬೀಳೋದು ನಿಜ. ಮಂಚದ ಬಾಡಿಗೆ ಯಾರೂ ಲೆಕ್ಕ ಹಾಕಲ್ಲ! ಮೊದಲು ಪ್ಲೇಟ್ ಬೇಡದ ಡಿಜಿಟಲ್‌ನಲ್ಲಿ 50 ತೆಗೆಸಿ. ಪ್ರತಿಗೆ ಜಾಸ್ತಿ ಆಗುತ್ತೆ, ಆಗಲಿ. ಅದನ್ನೇ ಮಕ್ಕಳ ಕೈಗೆ ಕೊಟ್ಟು ನೋಡಿ, ತಪ್ಪು ತಿದ್ದಿ, ಆಮೇಲೆ ಆಫ್‌ಸೆಟ್. ಸೆಂಟರ್ ಪಿನ್ ಹೊಡೆಯುವ ಪುಸ್ತಕ ಆದರೆ ಪುಟ ನಾಲ್ಕರ ಲೆಕ್ಕದಲ್ಲಿರಲಿ. 22 ಪುಟ ಅಂತ ಬಂದವರಿಗೆ ಎರಡು ಖಾಲಿ ಪುಟ ಬಿಟ್ಟಿ ಸಿಗುತ್ತೆ.

ಇನ್ನೊಂದು. ನೀವು ಮೊಬೈಲಿನಲ್ಲಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸುತ್ತೀರಿ. ನಮ್ಮಂಥ ಎಷ್ಟೋ ಅಂಗಡಿಗಳಲ್ಲಿ ಇನ್ನೂ ಪೇಜ್‌ಮೇಕರ್, ಹಳೇ ನುಡಿ ಫಾಂಟ್. ಬದಲಾಯಿಸುವಾಗ ಒತ್ತಕ್ಷರ ಕಳಚುತ್ತೆ, ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹಾರುತ್ತೆ. ನನ್ನ ಹೆಸರು ಸುಮ್ನೆ ಇಟ್ಟುಕೊಂಡದ್ದಲ್ಲ. ಪರದೆ ಮೇಲೆ ಓದಿ ಓಕೆ ಅನ್ನಬೇಡಿ. ಕಾಗದದ ಪ್ರೂಫ್ ಕೇಳಿ. ಚಿಕ್ಕ ಮಕ್ಕಳಿಗೆ ಅಂದರೆ ಅಕ್ಷರ 18 ಪಾಯಿಂಟಿಗೆ ಕಮ್ಮಿ ಬೇಡ. ಸಾಲುಗಳ ನಡುವೆ ಜಾಗವೂ ಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಗಲುತ್ತೆ.

ಗ್ರಂಥಾಲಯದ ಹಳೇ ಗಿರಾಕಿ, ಚಿಂತಾಮಣಿ:

ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ತಗೊಂಡಿದ್ದೀರಾ? ದೆಹಲಿಯ ರಾಜಾ ರಾಮಮೋಹನ ರಾಯ್ ಹೆಸರಿನ ಏಜೆನ್ಸಿ ಬಿಟ್ಟಿಯಾಗಿ ಕೊಡುತ್ತದೆ. ಅದಕ್ಕೆ ದುಡ್ಡು ಕೇಳುವ ಮಧ್ಯವರ್ತಿಗಳ ಹತ್ತಿರ ಹೋಗಬೇಡಿ. ಸ್ವಂತವಾಗಿ ಅಚ್ಚು ಹಾಕಿಸಿದರೆ ಕಾನೂನಿನ ಲೆಕ್ಕದಲ್ಲಿ ಪ್ರಕಾಶಕರು ನೀವೇ. 1954ರ ಕಾಯ್ದೆ ಪ್ರಕಾರ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ 30 ದಿನದೊಳಗೆ ಒಂದು ಪ್ರತಿ ಕಳಿಸಬೇಕು.

ಟ್ಯೂಷನ್ ಮಿಸ್, ಶಿಡ್ಲಘಟ್ಟ:

ಐಎಸ್‌ಬಿಎನ್ ಇದೆ ಸಾರ್. ಕೋಲ್ಕತ್ತಕ್ಕೆ ಕಳಿಸಿಲ್ಲ. ಹಸಿರು ಹುಳ ಅಲ್ಲಿಗೂ ಹೋಗಬೇಕಾ?

ಗ್ರಂಥಾಲಯದ ಹಳೇ ಗಿರಾಕಿ, ಚಿಂತಾಮಣಿ:

ಹೋಗಬೇಕು ತಾಯಿ, ಹೋಗಬೇಕು.

ಇಬ್ಬರ ಅಮ್ಮ, ಕೋಲಾರ:

ಅಕ್ಕಾ, ನಿಮ್ಮ ಪುಸ್ತಕ ನಮ್ಮ ಮನೆಯಲ್ಲಿದೆ! ಪುಸ್ತಕ ಮೇಳದಲ್ಲಿ ತಂದದ್ದು. ನನ್ನ ಚಿಕ್ಕವನು ಟೊಮೆಟೊ ಮಂಡಿ ನೋಡಿದ್ದಾನೆ, ರೇಷ್ಮೆಹುಳ ನೋಡಿಲ್ಲ. ಹಸಿರೇ ಅಂತ ಇಷ್ಟು ದಿನ ನಂಬಿಕೊಂಡಿದ್ದ. ನಾನೂ ನಂಬಿದ್ದೆ, ಬಿಡಿ. ಈಗ ನಿಮ್ಮ ಪೋಸ್ಟ್ ಓದಿ ಹೇಳಿದೆ. ಅವನಿಗೆ ಬೇಜಾರಾಗಲಿಲ್ಲ. "ಹಂಗಾದ್ರೆ ಬೇರೆ ತಪ್ಪು ಎಲ್ಲಿದೆ?" ಅಂತ ಪುಸ್ತಕ ಹಿಡಿದು ಕೂತ. ಇಷ್ಟು ಹೊತ್ತು ಅದನ್ನು ಹಿಡಿದು ಕೂತದ್ದು ಇದೇ ಮೊದಲು.

ಒಂದು ಚೀಟಿ ಅಚ್ಚು ಹಾಕಿಸಿ ಪ್ರತಿ ಪುಸ್ತಕದೊಳಗೆ ಇಡಿ. "ಈ ಪುಸ್ತಕದಲ್ಲಿ ಒಂದು ತಪ್ಪಿದೆ, ಹುಡುಕಿ" ಅಂತ ಬರೆಯಿರಿ. ಸ್ಟಿಕ್ಕರ್ ಗಿಕ್ಕರ್ ಅಂಟಿಸಬೇಡಿ.

ಅರ್ಕಾವೊತ್ತು, ತುಮಕೂರು:

ಒಂದು ಎ4 ಹಾಳೆಯಲ್ಲಿ ಎಂಟು ಚೀಟಿ ಕೂರುತ್ತೆ. 310ಕ್ಕೆ 39 ಹಾಳೆ. ಜೆರಾಕ್ಸ್ ಸಾಕು.

ಟ್ಯೂಷನ್ ಮಿಸ್, ಶಿಡ್ಲಘಟ್ಟ:

ಕೋಲಾರದ ತಂಗಿ ಹೇಳಿದ ಹಾಗೆ ಮಾಡಿದೆ. ಚೀಟಿ ಕೈಯಲ್ಲೇ ಬರೆದು, ಶನಿವಾರ ಹೊಸದಾಗಿ ಸೇರಿದ ಆರು ಮಕ್ಕಳಿಗೆ ಒಂದೊಂದು ಪ್ರತಿ ಕೊಟ್ಟೆ. ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳು. ಕನ್ನಡ ಓದು ಅಂದರೆ ಪುಸ್ತಕದ ಹಿಂದೆ ಮುಖ ಮುಚ್ಚಿಕೊಳ್ಳುವವರು. ತಪ್ಪು ಹುಡುಕಬೇಕು ಅಂದದ್ದಕ್ಕೆ ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದರು.

ಹಸಿರು ಹುಳ ಒಂದು ನಿಮಿಷಕ್ಕೆ ಸಿಕ್ಕಿತು. ಆಮೇಲೆ ಒಬ್ಬಳು 19ನೇ ಪುಟ ತಂದಳು. ಅಲ್ಲಿ ಅಜ್ಜಿ ಹಣ್ಣಾದ ಹುಳಗಳನ್ನು ಚಂದ್ರಿಕೆಗೆ ಬಿಟ್ಟು, "ತಿನ್ನಿ ಕಂದಮ್ಮಾ" ಅಂತ ಮೇಲೆ ಸೊಪ್ಪು ಹಾಕುತ್ತಾಳೆ. "ಮಿಸ್, ಹಣ್ಣಾದ ಮೇಲೆ ಹುಳ ಸೊಪ್ಪು ತಿನ್ನಲ್ಲ. ಗೂಡು ಕಟ್ಟುತ್ತೆ."

ಆ ಸಾಲು ಚಿತ್ರದ ಹುಡುಗ ಬರೆದದ್ದಲ್ಲ, ನಾನು ಬರೆದದ್ದು. ಚೀಟಿಯಲ್ಲಿ "ಒಂದು ತಪ್ಪು" ಅಂತಿದ್ದದ್ದನ್ನು ಹೊಡೆದು "ಎರಡು" ಮಾಡಿದ್ದೇನೆ. ಹೊಸ ಕತೆ ಡಿಜಿಟಲ್‌ನಲ್ಲಿ 50 ಮಾತ್ರ. ಮೊದಲ ಪ್ರತಿ ಆ ಹುಡುಗಿಗೆ.