ಅಮ್ಮ ಊರಲ್ಲಿಲ್ಲ, ಅಪ್ಪನ ಹತ್ರ ಫೋನಲ್ಲಿ ಏನ್ ಮಾತಾಡೋದು? ನಿಮ್ ಅನುಭವ ಹೇಳಿ

ಮಲ್ನಾಡ್ ಮಗಳು:
ಎಲ್ರಿಗೂ ನಮಸ್ಕಾರ. ಅಕ್ಕನ ಬಾಣಂತನಕ್ಕೆ ಅಂತ ಅಮ್ಮ ಹೋದ್ ತಿಂಗ್ಳು ಡಲ್ಲಾಸ್‌ಗೆ ಹೋದ್ರು, ಬರೋದು ದೀಪಾವಳಿ ಹೊತ್ತಿಗೆ. ಹೆಣ್ಮಗು, ತಾಯಿ ಮಗು ಇಬ್ರೂ ಆರಾಮ್, ಸಿಹಿ ಸುದ್ದಿ ಮೊದ್ಲು ಹೇಳ್ಬಿಟ್ಟೆ. ಅಪ್ಪ ಮಾತ್ರ ಹೋಗ್ಲಿಲ್ಲ. ತೋಟ ಇದೆ, ದನ ಇದೆ, ಅಷ್ಟೊತ್ತು ವಿಮಾನದಲ್ಲಿ ಕಾಲು ಮಡಚ್ಕೊಂಡು ಕೂರಕ್ಕೆ ನನ್ ಕೈಲಾಗಲ್ಲ ಅಂದ್ಬಿಟ್ರು. ಈಗ ತೀರ್ಥಹಳ್ಳಿ ಹತ್ರ ಮನೇಲಿ ಒಬ್ರೇ. ಅಡಿಗೆ ಎಲ್ಲ ಮಾಡ್ಕೋತಾರೆ, ಅದಕ್ಕೇನೂ ಯೋಚ್ನೆ ಇಲ್ಲ.

ಯೋಚ್ನೆ ಏನಂದ್ರೆ, ಇಷ್ಟು ವರ್ಷ ನಾನ್ ಬೆಂಗ್ಳೂರಿಂದ ಫೋನ್ ಮಾಡಿದ್ರೆ ಅಪ್ಪ ಎತ್ತೋರು, "ಹಾಂ, ತಡಿ, ಅಮ್ಮಂಗೆ ಕೊಡ್ತೀನಿ" ಅನ್ನೋರು, ಅಲ್ಲಿಗೆ ಅವರ ಕೆಲ್ಸ ಮುಗೀತು. ಈಗ ಕೊಡಕ್ಕೆ ಅಮ್ಮ ಇಲ್ಲ. ಊಟ ಆಯ್ತಾ, ಆಯ್ತು, ಮಳೆ ಹೆಂಗಿದೆ, ಹೊಡೀತಾ ಇದೆ, ಸರಿ ಇಡ್ಲಾ. ನಿನ್ನೆ ನೋಡ್ದೆ, 48 ಸೆಕೆಂಡು.

ಹಾಡು ಅಂದ್ರೆ ಅವ್ರಿಗೆ ಪ್ರಾಣ. ಆದ್ರೆ ಜಗಲಿ ಮೇಲಿನ ರೇಡಿಯೋ ಬರೀ ಗೊರ್ ಅನ್ನುತ್ತೆ, ಟೇಪ್‌ರೆಕಾರ್ಡರ್ ಕೆಟ್ಟು ಯಾವ್ದೋ ಕಾಲ ಆಯ್ತು, ಫೋನಲ್ಲಿ ಹಾಡು ಹಾಕ್ಕೊಟ್ರೆ ಅದು ಮುಗಿದ್ಮೇಲೆ ಯಾರೋ ಸೊಂಟನೋವಿನ ಎಣ್ಣೆ ಮಾರಕ್ಕೆ ಬರ್ತಾನೆ ಅಂತ ಆಫ್ ಮಾಡ್ತಾರೆ. ಏನ್ ಕೊಡಿಸ್ಲಿ? ಅದಕ್ಕಿಂತ ಹೆಚ್ಚಾಗಿ, ಏನ್ ಮಾತಾಡ್ಲಿ?

ಅರ್ಜೆಂಟ್ ಆಸಾಮಿ:
ಕಾರವಾನ್ ಕೊಡ್ಸಿ, ಹಳೇ ಹಾಡು ಒಳಗೇ ತುಂಬಿರೋ ರೇಡಿಯೋ ತರದ ಪೆಟ್ಟಿಗೆ. ಬಟನ್ ಒತ್ತಿದ್ರೆ ಹಾಡು. ಮುಗೀತು.

ಧಾರವಾಡ ಫೇಡೆ:
ಅಕ್ಕಾರ, ಹೊಸಾದೇನೂ ತಗೋಬ್ಯಾಡ್ರಿ, ಮೊದ್ಲ ಆ ಗೊರ್ ಅನ್ನೋದು ಎಲ್ಲಿಂದ ಬರಾಕತ್ತೈತಿ ನೋಡ್ರಿ. ನಮ್ಮಪ್ಪ ಸಾಲಿ ಮಾಸ್ತರ, ರಿಟೈರ್ ಆಗ್ಯಾರ. ಮುಂಜಾನೆ ಎದ್ದಕೂಡ್ಲೆ ಧಾರವಾಡ ಸ್ಟೇಷನ್ನು ಹಚ್ಚಬೇಕು, ಮೀಡಿಯಂ ವೇವ್ 765ಕ್ಕ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಇವರನ್ನ ರೇಡಿಯೋದಾಗ ಕೇಳೇ ದೊಡ್ಡವರಾದ ಮಂದಿ ಅವರು, ಟೀವಿ ಅಂದ್ರ ಮಾರಿ ತಿರುಗಸ್ತಾರ. ಎರಡ ವರ್ಷದ ಹಿಂದ ಇದ ಗೊರ್ ಗೊರ್ ಚಾಲೂ ಆತು. ನಾ ಭಾಳ ಶ್ಯಾಣ್ಯಾ ಆಗಿ ಹೊಸಾ ರೇಡಿಯೋ ತಂದೆ, ಅದೂ ಅಷ್ಟ. ಮತ್ತೊಂದ ತಂದೆ, ಅದೂ ಅಷ್ಟ. ಅಪ್ಪ ಏನೂ ಅನ್ಲಿಲ್ಲ, ಮೂರೂ ರೇಡಿಯೋ ಸಾಲಾಗಿ ಕಪಾಟಿನ ಮ್ಯಾಲೆ ಇಟ್ರು, ಅದನ್ನ ನೋಡಿ ನನಗ ಮತ್ತಿಷ್ಟು ನಾಚಿಕಿ ಬಂತು.

ಆಮ್ಯಾಲೆ ಒಂದಿನ ಸಂಜಿಕ ಕರೆಂಟ್ ಹೋತ್ರಿ. ಇಡೀ ಓಣಿ ಕತ್ತಲಿ. ರೇಡಿಯೋ ಸೆಲ್ ಮ್ಯಾಲ ನಡದಿತ್ತು, ಒಮ್ಮಿಂದೊಮ್ಮೆಲೆ ಆವಾಜ ಸ್ವಚ್ಛ ಆಗಿಬಿಡ್ತು, ತಂಬೂರಿ ಸೈತ ಕೇಳಸಾಕ ಹತ್ತಿತು. ಅಪ್ಪ ಕತ್ತಲ್ಯಾಗ ಕುಂತು "ಲೇ, ಕರೆಂಟ್ ಬರೂದ ಬ್ಯಾಡ" ಅಂದ್ರು. ಆವಾಗ ಗೊತ್ತಾತು, ತಪ್ಪು ರೇಡಿಯೋದ್ದಲ್ಲ, ನಾ ಪಡಸಾಲಿಗೆ ತಂದು ಹಾಕಿದ್ದ ಅಗ್ಗದ ಎಲ್ಇಡಿ ಬಲ್ಬಿನದ್ದು! ಆ ಬಲ್ಬು, ಮೊಬೈಲ್ ಚಾರ್ಜರು, ಇನ್ವರ್ಟರು, ಇವುಗಳ ಒಳಗಿನ ಸರ್ಕೀಟು ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗ್ತಿರ್ತೈತಿ, ಅದರ ಗದ್ದಲ ಸೀದಾ ಮೀಡಿಯಂ ವೇವ್‌ನ್ಯಾಗ ಬಂದು ಕುಂದರತೈತಿ. ಎಫ್ಎಂಗ ಅಷ್ಟು ತ್ರಾಸ ಇಲ್ಲ. ಒಂದೊಂದ ಸ್ವಿಚ್ ಆರಿಸ್ಕೋತ ಹೋಗ್ರಿ, ಕಳ್ಳ ಸಿಗ್ತಾನ. ಇನ್ನೊಂದು, ಮೀಡಿಯಂ ವೇವಿಗೆ ಉದ್ದನ ಏರಿಯಲ್ ಎಳೆದ್ರ ಉಪಯೋಗಿಲ್ಲ, ಅದಕ್ಕ ಒಳಗ ತಂತಿ ಸುತ್ತಿದ ಕರೀ ಕಡ್ಡಿ ಇರ್ತೈತಿ, ಅದಕ್ಕ ದಿಕ್ಕು ಮುಖ್ಯ. ರೇಡಿಯೋನ ಜಾಗಾದಾಗ ನಿಧಾನ ತಿರುಗಸ್ರಿ, ಒಂದ ಕಡೆ ಛಲೋ ಬರತೈತಿ, ಅಲ್ಲೆ ಬಿಡ್ರಿ.

ಮೈಸೂರು ಸೊಸೆ:
ನಾನು ಬೇರೆ ಕಡೆಯಿಂದ ಬರ್ತೀನಿ. ನಮ್ಮ ಮಾವನೋರು ವರ್ಷಗಟ್ಟಲೆ "ಈಗಿನವರು ಸಾಹಿತ್ಯ ನುಂಗಿ ಹಾಡ್ತಾರಮ್ಮ" ಅಂತಿದ್ರು, ನಾವೂ ಹೌದು ಹೌದು ಅಂತಿದ್ವಿ. ಒಂದ್ ಭಾನುವಾರ ಪಿ.ಬಿ. ಶ್ರೀನಿವಾಸ್ ಹಾಡಿಗೂ ಅದೇ ಮಾತು ಅಂದ್ರು ನೋಡಿ, ಆಗ ನನ್ನ ಗಂಡಂಗೆ ಅನುಮಾನ ಬಂತು. ಇಲ್ಲೇ ಮಾನಸಗಂಗೋತ್ರಿಲಿರೋ ವಾಕ್ ಶ್ರವಣ ಸಂಸ್ಥೆಗೆ ಕರ್ಕೊಂಡ್ ಹೋದ್ವಿ, ಸಣ್ಣ ರೂಮಲ್ಲಿ ಕೂರ್ಸಿ ಹೆಡ್‌ಫೋನ್ ಹಾಕಿ ಶಬ್ದ ಕೇಳ್ದಾಗ ಗುಂಡಿ ಒತ್ತಿ ಅಂತಾರೆ, ನೋವಿಲ್ಲ ಏನಿಲ್ಲ. ವಯಸ್ಸಾದಾಗ ಕಿವಿ ಹೋಗೋದು ಅಂದ್ರೆ ಎಲ್ಲಾ ಒಟ್ಟಿಗೆ ಹೋಗಲ್ವಂತೆ, ಕೀರಲು ದನಿ ಮೊದ್ಲು ಹೋಗುತ್ತೆ, ಅದ್ರಲ್ಲಿ ಸ, ಶ, ತ ಇಂಥ ಅಕ್ಷರ ಜಾರ್ಕೊಳ್ಳುತ್ತೆ. ರಾಗ ಕೇಳುತ್ತೆ, ಮಾತು ಕೇಳಲ್ಲ. ಅದಕ್ಕೇ ಸಾಹಿತ್ಯ ನುಂಗಿದ ಹಾಗೆ!

ಈಗ ಯೋಚ್ನೆ ಮಾಡಿ, ನಿಮ್ದು ಹೆಣ್ಣು ದನಿ, ಅದ್ರ ಮೇಲೆ ಫೋನು, ಅದ್ರ ಮೇಲೆ ಮಲೆನಾಡಿನ ನೆಟ್‌ವರ್ಕು ಮತ್ತೆ ಹೆಂಚಿನ ಮೇಲೆ ಮಳೆ. ಪಾಪ ಅವರಿಗೆ ಅರ್ಧ ಕೇಳ್ಸದೇ "ಸರಿ ಇಡ್ಲಾ" ಅಂತಿರಬಹುದು. ಒಂದೆರಡು ಸಲ ವಿಡಿಯೋ ಕಾಲ್ ಮಾಡಿ ನೋಡಿ, ತುಟಿ ಕಂಡ್ರೆ ಮಾತು ಅರ್ಥ ಆಗುತ್ತೆ.

ಮತ್ತೆ ಮಾತಿಗೆ ಒಂದು ವಿಷಯ ಕೊಡ್ಲಾ? ಆಕಾಶವಾಣಿ ಅನ್ನೋ ಹೆಸರು ಮೊದ್ಲು ಎಲ್ಲಿ ಬಂತು ಅಂತ ನಿಮ್ಮಪ್ಪನ್ನ ಕೇಳಿ. ದೆಹಲಿ ಅಂದ್ರೆ ನೀವು ಗೆದ್ರಿ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅಂತ ಕಾಲೇಜು ಪ್ರೊಫೆಸರು ನಮ್ಮ ಮೈಸೂರಲ್ಲಿ ತಮ್ಮ ಮನೇಲೇ ಶುರು ಮಾಡಿದ ರೇಡಿಯೋ ಸ್ಟೇಷನ್ ಹೆಸರು ಅದು, ಇಡೀ ದೇಶದ ರೇಡಿಯೋಗೆ ಆಮೇಲೆ ಬಂತು. ನಮ್ಮ ಮಾವನೋರು ಮನೆಗೆ ಬಂದವರಿಗೆಲ್ಲ ಇದನ್ನ ಹೇಳ್ತಾರೆ, ಹಾಲಿನವನಿಗೂ ಹೇಳಿದಾರೆ.

ಕರಾವಳಿ ಗಾಳಿ:
ಎಂತ ಮಾರಾಯ್ರೆ, ಪೆನ್ ಡ್ರೈವ್ ಅಂತ ಒಂದು ಉಂಟಲ್ಲ! ಸೊಂಟನೋವಿನ ಎಣ್ಣೆಯವ ಅದರಲ್ಲಿ ಬರುವುದಿಲ್ಲ. ಯುಎಸ್‌ಬಿ ತೂತು ಇರುವ ಸಣ್ಣ ಸ್ಪೀಕರ್ ತೆಗೆದು ಕೊಡಿ. ಆದರೆ ನಾನು ಮಾಡಿದ ತಪ್ಪು ಮಾಡಬೇಡಿ. ನಮ್ಮ ಮಾವನವರು ಯಕ್ಷಗಾನದ ಮರುಳು, ಕಾಳಿಂಗ ನಾವಡರ ಪದ ಅಂದರೆ ಊಟ ಬಿಟ್ಟು ಕೂರುವವರು. ನಾವಡರು 1990ರಲ್ಲಿ ಹೋದದ್ದು, ಇವರ ಮಟ್ಟಿಗೆ ಈಗಲೂ ಭಾಗವತ (ಯಕ್ಷಗಾನದಲ್ಲಿ ಪದ ಹಾಡುವವ) ಅಂದರೆ ಅವರೊಬ್ಬರೇ. ನಾನು 8 ಜಿಬಿ ಪೆನ್ ಡ್ರೈವ್ ತುಂಬಾ ತುಂಬಿಸಿ ಕೊಟ್ಟೆ, ಒಂದು ನಿಮಿಷಕ್ಕೆ ಒಂದು ಎಂಬಿ ಲೆಕ್ಕ ಹಿಡಿದರೂ ನೂರು ಗಂಟೆಗೆ ಮೇಲೆ. ಒಂದು ವಾರದಲ್ಲಿ ಮಾವ ಸ್ಪೀಕರನ್ನು ಅಟ್ಟಕ್ಕೆ ಹಾಕಿದ್ದರು. ಯಾಕೆ ಅಂದರೆ ಬೇಕಾದ ಪ್ರಸಂಗ ಸಿಗಬೇಕಾದರೆ ಮುಂದಿನ ಬಟನ್ ಮುನ್ನೂರು ಸಲ ಒತ್ತಬೇಕು. ಈಗ ನಾಲ್ಕು ಬೇರೆ ಬೇರೆ ಪೆನ್ ಡ್ರೈವ್ ಉಂಟು, ಒಂದೊಂದಕ್ಕೂ ಒಂದೊಂದು ಬಣ್ಣದ ನೂಲು ಕಟ್ಟಿ ಕೊಟ್ಟಿದ್ದೇನೆ. ಕೆಂಪು ಯಕ್ಷಗಾನ, ಹಳದಿ ಭಜನೆ, ನೀಲಿ ರಾಜ್‌ಕುಮಾರ್, ಬಿಳಿ ತಾಳಮದ್ದಳೆ. ಒಂದರಲ್ಲಿ ಮೂವತ್ತು ನಲವತ್ತು ಸಾಕು, ಫೈಲಿನ ಹೆಸರಿನ ಮುಂದೆ 01, 02 ಅಂತ ಹಾಕಿ, ಆಗ ಹೆಚ್ಚಿನ ಸ್ಪೀಕರಿನಲ್ಲಿ ಸಾಲಾಗಿ ಬರ್ತದೆ. ಕೆಂಪು ನೂಲು ಈಗಾಗಲೇ ಎರಡು ಸಲ ಬದಲಾಯಿಸಿ ಆಯ್ತು.

ಸುಮ್ನೆ ಓದುವವ:
ನಂದೊಂದು ತಕರಾರು. ಅಪ್ಪ 48 ಸೆಕೆಂಡ್ ಮಾತಾಡಿದ್ರೆ ಅದನ್ನ ಕಾಯಿಲೆ ತರ ಯಾಕೆ ನೋಡ್ತೀರಾ? ನಮ್ಮಪ್ಪ ದಿನಾ ರಾತ್ರಿ ಎಂಟಕ್ಕೆ ಫೋನ್ ಮಾಡಿ "ಬಂದ್ಯಾ ಮನೆಗೆ? ಹಾಂ" ಅಂತ ಇಡ್ತಾರೆ, ಒಂದ್ ದಿನ ಮಾಡ್ಲಿಲ್ಲ ಅಂದ್ರೆ ನಂಗೇ ನಿದ್ದೆ ಬರಲ್ಲ. ಜಾಸ್ತಿ ಮಾತಾಡ್ಸಕ್ಕೆ ಹೋಗಿ ಇರೋ 48ನೂ ಕಳ್ಕೋಬೇಡಿ.

ಸಾಗರದ ಸಣ್ಣಯ್ಯ:
ತಂಗೀ, ಮಳೆಗಾಲ, ಅಡಿಕೆ ತೋಟ, ಒಬ್ರೇ ಇದಾರೆ, ಇಷ್ಟು ಹೇಳಿ "ಏನ್ ಮಾತಾಡ್ಲಿ" ಅಂತ ಕೇಳ್ತೀಯಲ್ಲ! ಊಟ ಆಯ್ತಾ ಅಂದ್ರೆ ಆಯ್ತು ಅಂತಾರೆ, ಇನ್ನೇನ್ ಅನ್ಬೇಕು? ಅಡಿಕೆ ಕೊಳೆ ರೋಗಕ್ಕೆ ಔಷಧಿ ಹೊಡ್ಸಿ ಆಯ್ತಾ ಅಂತ ಕೇಳು. ಮರ ಹತ್ತೋ ಕೊನೆಗೌಡ ಸಿಕ್ಕಿದ್ನಾ, ಈ ಸಲ ಕೂಲಿ ಎಷ್ಟು ಕೇಳ್ತಿದಾನೆ, ಆ ಔಷಧಿಗೆ ಹಾಕೋ ಮೈಲುತುತ್ತದ ರೇಟು ಹೆಂಗಾಗಿದೆ ಅಂತ ಕೇಳು. ನಂಗೆ ಕಲ್ಸ್ಕೊಡಿ ಅಂತ್ಲೂ ಕೇಳ್ಬಹುದು. ನೂರು ಲೀಟರ್ ನೀರಿಗೆ ಒಂದ್ ಕೇಜಿ ಮೈಲುತುತ್ತ ಒಂದ್ ಕೇಜಿ ಸುಣ್ಣ ಅಂತ ಪುಸ್ತಕದಲ್ಲೂ ಇದೆ, ಆದ್ರೆ ಸುಣ್ಣ ಯಾವ್ದು, ಯಾವ್ದಕ್ಕೆ ಯಾವ್ದನ್ನ ಹೊಯ್ಬೇಕು, ಕತ್ತಿ ಅದ್ದಿ ನೋಡೋದ್ ಹೆಂಗೆ, ಕೆಂಪು ಹಿಡಿದ್ರೆ ಏನ್ ಮಾಡ್ಬೇಕು, ಇದೆಲ್ಲ ಪ್ರತಿ ಮನೆ ಯಜಮಾನಂದೂ ಬೇರೆ ಬೇರೆ ಶಾಸ್ತ್ರ. ಪಕ್ಕದ ತೋಟದವ್ನು ತಪ್ಪು ಮಾಡ್ತಿದಾನೆ ಅಂತ್ಲೂ ಹೇಳೇ ಹೇಳ್ತಾರೆ ನೋಡ್ತಿರು.

ಟೇಪ್‌ರೆಕಾರ್ಡರ್ ಬಗ್ಗೆ. ಕೆಟ್ಟಿರೋದು ಬಹುಶಃ ಒಳಗಿನ ರಬ್ಬರ್ ಬೆಲ್ಟ್ ಅಷ್ಟೇ, ಹಳೇದಾಗಿ ಬೆಲ್ಲದ ಪಾಕದ ತರ ಅಂಟಾಗಿರುತ್ತೆ. ಬೆಲ್ಟ್ ಹಾಕಿ ಕೊಡೋರು ಶಿವಮೊಗ್ಗ ಕಡೆ ಹುಡುಕಿದ್ರೆ ಈಗ್ಲೂ ಸಿಗ್ತಾರೆ. ಕ್ಯಾಸೆಟ್ ಬಿಸಾಡ್ಬೇಡ, ಹಾಗಂತ ಬೂಷ್ಟು ಹಿಡಿದಿದ್ನ ಹಂಗೇ ಹಾಕ್ಲೂಬೇಡ, ಬಿಳಿ ಪುಡಿ ಕಂಡ್ರೆ ಮೊದ್ಲು ಕ್ಲೀನ್ ಮಾಡ್ಸು. ನಮ್ಮನೇಲಿ 1994ರದ್ದು ಒಂದಿತ್ತು, ಅಜ್ಜಿ ಶೋಭಾನೆ ಹಾಡಿದ್ದು, ಟೇಪಿಂದ ಕಂಪ್ಯೂಟರಿಗೆ ವೈರ್ ಕೊಟ್ಟು ಇಳಿಸ್ಕೊಂಡೆ. ಅಜ್ಜಿ ಚೆನ್ನಾಗೇ ಹಾಡಿದಾರೆ, ಆದ್ರೆ ಮನೆಮಂದಿಯೆಲ್ಲ ಮತ್ತೆ ಮತ್ತೆ ಹಾಕಿ ಕೇಳೋದು ನಡುವೆ ಬರೋ ಒಂದು ದನಿನ. ದೊಡ್ಡಪ್ಪ ಅಂಗಳದಿಂದ "ಆ ಎಮ್ಮೆ ಮತ್ತೆ ಬಿಚ್ಕೊಂಡ್ತಲ್ರೋ" ಅಂತ ಕೂಗೋದು, ಅಜ್ಜಿ ಒಂದೇ ಉಸಿರು ನಿಲ್ಸಿ ಮುಂದಿನ ಸಾಲಿಗೆ ಹೋಗೋದು. ಆ ಎಮ್ಮೆ ಹೆಸ್ರು ಏನು ಅಂತ ಈಗ್ಲೂ ಜಗಳ.

ಬನಶಂಕರಿ ಆಂಟಿ:
ಸಣ್ಣಯ್ಯ ಅವರ ಎಮ್ಮೆ ಕೇಳಿ ನಕ್ಕೂ ನಕ್ಕೂ ಸಾಕಾಯ್ತು. ನಂದು ಚಿಕ್ಕದು. ಮಳೆ ಕಳೆದ್ಮೇಲೆ ಅಪ್ಪನ್ನ ಇಲ್ಲಿಗೂ ಕರೆಸ್ಕೊಳಿ, ಬರೋ ರಾಮನವಮಿಗಾದ್ರೂ ಕರೆಸ್ಕೊಳಿ. ಚಾಮರಾಜಪೇಟೆ ಫೋರ್ಟ್ ಹೈಸ್ಕೂಲ್ ಮೈದಾನದ ರಾಮೋತ್ಸವ, 1939ರಿಂದ ನಡೀತಿರೋದು, ಚಪ್ಪರದ ಕೆಳಗೆ ಕೂತು ಕಚೇರಿ ಕೇಳೋ ಸುಖ ಸ್ಪೀಕರಲ್ಲಿ ಇಲ್ಲ. ನಮ್ಮ ಯಜಮಾನ್ರು ನಂಜೊತೆ ಮಾತಾಡದ ಮಾತೆಲ್ಲ ಅಲ್ಲಿ ಪಕ್ಕದ ಕುರ್ಚಿಯವರ ಹತ್ರ ಆಡ್ತಾರೆ, ತನಿ ಆವರ್ತನ (ಬರೀ ಮೃದಂಗದಂಥ ತಾಳವಾದ್ಯದವರ ಸರದಿ) ಶುರುವಾದ ತಕ್ಷಣ ಕಾಫಿಗೆ ಎದ್ದು ಹೋಗೋರನ್ನ ಬೈಯೋದು ಒಂದು ಕಾರ್ಯಕ್ರಮ ಅವರಿಗೆ.

ಆಸ್ಟಿನ್ ಅಮ್ಮಣ್ಣಿ:
ಡಲ್ಲಾಸ್ ನಮ್ ಪಕ್ಕದೂರೇ. ನಿಮ್ಮಮ್ಮಂಗೆ ಹೇಳಿ, ಇಂಡಿಯಾ ಬೆಳಿಗ್ಗೆ 6 ಅಂದ್ರೆ ಇಲ್ಲಿ ಹಿಂದಿನ ದಿನ ಸಂಜೆ 7.30, ಅಪ್ಪ ಕಾಫಿ ಕುಡಿಯೋ ಹೊತ್ತಿಗೆ ಇಲ್ಲಿ ಮಗು ಸ್ನಾನ ಮುಗ್ದಿರುತ್ತೆ, ಅದೇ ಒಳ್ಳೆ ಟೈಮು. ನವೆಂಬರಲ್ಲಿ ಗಡಿಯಾರ ಒಂದ್ ಗಂಟೆ ಹಿಂದೆ ಹೋಗುತ್ತೆ, ಆಗ 6.30. ಲೈವ್ ಮಾತಾಡಕ್ಕೆ ಸಂಕೋಚ ಇರೋರಿಗೆ ವಾಟ್ಸಾಪ್ ವಾಯ್ಸ್ ಮೆಸೇಜ್ ಭಾಳ ಚೆನ್ನಾಗ್ ಆಗುತ್ತೆ. ನಮ್ಮಪ್ಪ ಫೋನಲ್ಲಿ ಹೂಂ ಹಾಂ ಅಷ್ಟೇ, ವಾಯ್ಸ್ ಮೆಸೇಜಲ್ಲಿ ಮಾತ್ರ ಆಕಾಶವಾಣಿ ವಾರ್ತೆ ಓದೋರ ತರ ಗಂಟಲು ಸರಿ ಮಾಡ್ಕೊಂಡು ಶುರು ಮಾಡ್ತಾರೆ, ಕೊನೇಲಿ ತಮ್ಮ ಹೆಸರೂ ಹೇಳ್ತಾರೆ.

ಮಲ್ನಾಡ್ ಮಗಳು:
ಹನ್ನೆರಡು ದಿನ ಬಿಟ್ಟು ಬಂದು ಹೇಳ್ತಿದೀನಿ, ಸಾರಿ. ಫೇಡೆ ಅವ್ರೇ, ಕಳ್ಳ ಸಿಕ್ದ! ನಾನೇ ಹೋದ್ ವರ್ಷ ತಂದ್ಕೊಟ್ಟಿದ್ದ ಮೊಬೈಲ್ ಚಾರ್ಜರ್, ರೇಡಿಯೋ ಪಕ್ಕದ ಪ್ಲಗ್ಗಲ್ಲೇ ಹಗ್ಲು ರಾತ್ರಿ ಇರ್ತಿತ್ತು. ಅದನ್ನ ಅಡಿಗೆಮನೆಗೆ ಸಾಗಿಸಿ, ರೇಡಿಯೋನ ದಣಪೆ (ಅಂಗಳದ ಗೇಟು) ಕಡೆ ಮುಖ ಮಾಡಿ ಇಟ್ಟಿದಾರೆ, ಪೂರ್ತಿ ಅಲ್ದಿದ್ರೂ ಮುಕ್ಕಾಲು ಗೊರ್ ಹೋಯ್ತು.

ಸಣ್ಣಯ್ಯಂಗೆ ದೊಡ್ಡ ನಮಸ್ಕಾರ. ಔಷಧಿ ಹೊಡ್ಸಿ ಆಯ್ತಾ ಅಂತ ಕೇಳಿದ್ದಷ್ಟೇ, 17 ನಿಮಿಷ. ಸುಣ್ಣದ ನೀರಿಗೆ ಮೈಲುತುತ್ತದ ನೀರು ಹೊಯ್ಬೇಕು, ಉಲ್ಟಾ ಹೊಯ್ಬಾರ್ದು, ಪಕ್ಕದ ತೋಟದವ್ರು ಉಲ್ಟಾ ಹೊಯ್ತಾರೆ (ಹೇಳಿದ್ರಲ್ಲ ನೀವು!). ಮಾರ್ನೇ ದಿನ ಟ್ರಂಕ್ ತೆಗ್ದು ಕ್ಯಾಸೆಟ್ ಮೇಲಿನ ಹೆಸರೆಲ್ಲ ಒಂದೊಂದಾಗಿ ಓದಿ ಹೇಳಿದ್ರು, 31 ಇದೆ, ಅರ್ಧಕ್ಕರ್ಧ ಬೂಷ್ಟು. ಒಂದ್ರ ಮೇಲೆ ಅಮ್ಮನ ಅಕ್ಷರದಲ್ಲಿ "ಇದನ್ನು ಅಳಿಸಬಾರದು" ಅಂತ ಇದ್ಯಂತೆ, ಏನಿದೆ ಅಂತ ಡಲ್ಲಾಸ್‌ಗೆ ಫೋನ್ ಮಾಡಿ ಕೇಳಿದ್ರೆ ಅಮ್ಮಂಗೂ ನೆನಪಿಲ್ಲ. ಬೆಲ್ಟ್ ಹಾಕ್ಸೋವರೆಗೂ ಕಾಯ್ಬೇಕು.

ಕಿವಿ ಪರೀಕ್ಷೆಗೆ ಮಾತ್ರ ಒಪ್ತಿಲ್ಲ. "ನಂಗೇನ್ ಕಿವುಡಾ?" ಅಂತಾರೆ, ನಾನು ಇಲ್ಲ ಅಂದಿದ್ದು ಕೇಳ್ಸದೇ ಮತ್ತೆ "ಏನು?" ಅಂತಾರೆ. ಮೈಸೂರು ಸೊಸೆ ಅವ್ರೇ, ದಸರಾ ನೆಪದಲ್ಲಿ ಕರ್ಕೊಂಡ್ ಬಂದ್ರೆ ಆಗುತ್ತಾ?

ಮೈಸೂರು ಸೊಸೆ:
ಧಾರಾಳವಾಗಿ ಬನ್ನಿ. ಆಯುಧಪೂಜೆ, ವಿಜಯದಶಮಿ ಬಿಟ್ಟು ಬೇರೆ ದಿನ ನೋಡ್ಕೊಳಿ, ಹೊರಡೋ ಮುಂಚೆ ಒಂದ್ಸಲ ಫೋನ್ ಮಾಡಿ ಯಾವತ್ತು ನೋಡ್ತಾರೆ ಕೇಳ್ಕೊಳಿ. ಬೆಳಿಗ್ಗೆ ಟೆಸ್ಟು, ಸಂಜೆ ಅರಮನೆ ಮುಂದೆ ಕಚೇರಿ, ದೀಪನೂ ಆಗುತ್ತೆ. ಅಪ್ಪಂಗೆ ಹೇಳೋವಾಗ ಮಾತ್ರ ಕಚೇರಿ ಅಂತಷ್ಟೇ ಹೇಳಿ. ನಮ್ಮ ಮಾವನೋರನ್ನೂ ಕರ್ಕೊಂಡ್ ಬರ್ತೀನಿ, ಇಬ್ರೂ ಜೋರಾಗಿ ಮಾತಾಡ್ಕೊಳ್ಲಿ.