ಜೆಂಕಿನ್ಸ್‌ನಿಂದ ಡಿಪ್ಲಾಯ್ ಆಗುತ್ತೆ, ಪಾಡ್ ಮಾತ್ರ ಇಸಿಆರ್ ಇಮೇಜ್ ಎಳೆಯಲ್ಲ

ಪ್ರಶ್ನೆ:
ಕ್ಯುಬರ್ನೆಟೀಸ್ (ಕಂಟೈನರ್‌ಗಳನ್ನ ನಡೆಸೋ ವ್ಯವಸ್ಥೆ) 1.28, ನಮ್ಮದೇ ಸರ್ವರ್‌ಗಳಲ್ಲಿ. ಇಮೇಜ್‌ಗಳು (ಆಪ್‌ನ ಕಂಟೈನರ್ ಪ್ಯಾಕೇಜ್‌ಗಳು) ಎಡಬ್ಲ್ಯೂಎಸ್ ಇಸಿಆರ್‌ನಲ್ಲಿ, ಅಂದರೆ ಅಮೆಜಾನ್ ಕ್ಲೌಡಿನ ಇಮೇಜ್ ಉಗ್ರಾಣದಲ್ಲಿ. ಜೆಂಕಿನ್ಸ್ (ಬಿಲ್ಡ್, ಡಿಪ್ಲಾಯ್ ತಾನಾಗೇ ಮಾಡೋ ಟೂಲ್) ಮಷೀನಿನಲ್ಲಿ ಡಾಕರ್ ಲಾಗಿನ್ ಆಗಿದೆ, ಪುಶ್ ಕೂಡ ಆಗ್ತಿದೆ. ಆದರೂ ಪಾಡ್‌ಗಳು (ಕಂಟೈನರ್ ಓಡೋ ಘಟಕಗಳು) ‘ಇಮೇಜ್‌ಪುಲ್‌ಬ್ಯಾಕ್‌ಆಫ್’, ಅಂದರೆ ಇಮೇಜ್ ಎಳೆಯೋಕಾಗ್ತಿಲ್ಲ ಅಂತ ನಿಂತುಬಿಡ್ತವೆ. ಜೊತೆಗೆ ಜೆಂಕಿನ್ಸ್‌ಗೆ ಕೊಟ್ಟಿರೋ ಸರ್ವಿಸ್ ಅಕೌಂಟ್ (ಪ್ರೋಗ್ರಾಂಗಳಿಗಾಗಿ ಇರೋ ಕ್ಲಸ್ಟರ್ ಖಾತೆ) ಟೋಕನ್ ಒಂದು ಗಂಟೆ ಆಗ್ತಿದ್ದ ಹಾಗೆ ‘ಅನ್‌ಆಥರೈಸ್ಡ್’ ಅನ್ನುತ್ತೆ. ಎರಡಕ್ಕೂ ಕಾರಣ ಒಂದೇನಾ?

ಉತ್ತರ 1:
ಅಲ್ಲ, ಎರಡೂ ಬೇರೆ. ಇಮೇಜ್ ಎಳೆಯೋದು ನೋಡ್‌ನಲ್ಲಿರೋ (ಕ್ಲಸ್ಟರಿನ ಒಂದೊಂದು ಸರ್ವರ್) ಕ್ಯುಬ್ಲೆಟ್ ಅನ್ನೋ ಪ್ರೋಗ್ರಾಂ. ಜೆಂಕಿನ್ಸ್‌ನಲ್ಲಿ ಲಾಗಿನ್ ಆಗಿದ್ದರೆ ಅದಕ್ಕೇನೂ ಉಪಯೋಗವಿಲ್ಲ. ಪಾಡ್ ಇರೋ ನೇಮ್‌ಸ್ಪೇಸ್‌ನಲ್ಲೇ (ಕ್ಲಸ್ಟರಿನ ಒಳಗಿನ ವಿಭಾಗ) ಡಾಕರ್-ರಿಜಿಸ್ಟ್ರಿ ಬಗೆಯ ಸೀಕ್ರೆಟ್ (ಪಾಸ್‌ವರ್ಡ್ ಥರದ್ದನ್ನ ಇಡೋ ಆಬ್ಜೆಕ್ಟ್) ಮಾಡಿ. ಯೂಸರ್‌ನೇಮ್ ‘AWS’ ಅಂತಲೇ ಇರಬೇಕು, ಇಂಗ್ಲಿಷ್ ದೊಡ್ಡಕ್ಷರದಲ್ಲಿ. ನಿಮ್ಮ ಆಕ್ಸೆಸ್ ಕೀ ಹಾಕೋ ಜಾಗ ಅದಲ್ಲ. ಪಾಸ್‌ವರ್ಡ್ ಜಾಗಕ್ಕೆ ಎಡಬ್ಲ್ಯೂಎಸ್‌ನ ಗೆಟ್-ಲಾಗಿನ್-ಪಾಸ್‌ವರ್ಡ್ ಕಮಾಂಡ್ ಕೊಡೋ ಟೋಕನ್. ಆಮೇಲೆ ಆ ಸೀಕ್ರೆಟ್ ಹೆಸರನ್ನ ಸರ್ವಿಸ್ ಅಕೌಂಟಿನ ಇಮೇಜ್‌ಪುಲ್‌ಸೀಕ್ರೆಟ್ಸ್‌ಗೆ ಸೇರಿಸಿ. ಇದು ಹೊಸ ಪಾಡ್‌ಗಳಿಗೆ ಮಾತ್ರ ಅನ್ವಯ, ಹಾಗಾಗಿ ಹಳೆಯವನ್ನ ಹೊಸದಾಗಿ ಎಬ್ಬಿಸೋಕೆ ರೋಲ್‌ಔಟ್ ರೀಸ್ಟಾರ್ಟ್ ಕೊಡಲೇಬೇಕು.

ಉತ್ತರ 2:
ಮೇಲಿನದು ಸರಿ, ಆದರೆ ಇಸಿಆರ್ ಟೋಕನ್ ಆಯಸ್ಸು 12 ಗಂಟೆ. ಅದು ಮುಗಿದ ಪೆಟ್ಟು ತಕ್ಷಣ ಕಾಣಲ್ಲ: ಪುಲ್ ಪಾಲಿಸಿ ‘ಇಫ್‌ನಾಟ್‌ಪ್ರೆಸೆಂಟ್’ (ಇಮೇಜ್ ಇಲ್ಲದಿದ್ದರೆ ಮಾತ್ರ ಎಳೆ) ಇದ್ದರೆ, ಇಮೇಜ್ ಮೊದಲೇ ಇಳಿದಿರೋ ನೋಡ್‌ನಲ್ಲಿ ಪಾಡ್ ಎದ್ದೇಳುತ್ತೆ. ಬೇರೆ ನೋಡ್‌ಗೆ ಹೋದಾಗ ಬೀಳುತ್ತೆ. 6 ಗಂಟೆಗೊಮ್ಮೆ ಸೀಕ್ರೆಟ್ ಬದಲಿಸೋ ಕ್ರಾನ್‌ಜಾಬ್ (ವೇಳಾಪಟ್ಟಿ ಪ್ರಕಾರ ಓಡೋ ಕೆಲಸ) ಹಾಕಿ. ಅದರಲ್ಲಿ ಬರೀ ಕ್ರಿಯೇಟ್ ಕೊಟ್ಟರೆ ಎರಡನೇ ಸಲ ‘ಆಲ್ರೆಡಿ ಎಕ್ಸಿಸ್ಟ್ಸ್’ ಅನ್ನುತ್ತೆ. ಕ್ರಿಯೇಟ್‌ಗೆ ಡ್ರೈ-ರನ್ ಹಾಕಿ (ನಿಜವಾಗಿ ಮಾಡದೆ) ಯಾಮಲ್ ಪಠ್ಯ ತೆಗೆದು ಅಪ್ಲೈ ಕಮಾಂಡ್‌ಗೆ ಪೈಪ್ ಮಾಡಿ.

ಉತ್ತರ 3:
ಟೋಕನ್ ವಿಷಯ: 1.24ರಿಂದ ಸರ್ವಿಸ್ ಅಕೌಂಟ್‌ಗೆ ಟೋಕನ್ ಸೀಕ್ರೆಟ್ ತಾನಾಗೇ ಹುಟ್ಟಲ್ಲ. ‘ಕ್ರಿಯೇಟ್ ಟೋಕನ್’ ಕೊಡೋದು ಸಾಮಾನ್ಯವಾಗಿ 1 ಗಂಟೆಯದು. ಡ್ಯೂರೇಷನ್ ಕೊಟ್ಟು ಹೆಚ್ಚಿಸಬಹುದು, ಇಲ್ಲವೇ ಸರ್ವಿಸ್-ಅಕೌಂಟ್-ಟೋಕನ್ ಬಗೆಯ ಸೀಕ್ರೆಟ್ ಕೈಯಾರೆ ಮಾಡಬಹುದು. ಎರಡನೆಯದಕ್ಕೆ ಅವಧಿ ಮುಗಿಯೋದೇ ಇಲ್ಲ, ಸೋರಿದರೆ ಕಷ್ಟ. ದಯವಿಟ್ಟು ಜೆಂಕಿನ್ಸ್ ಅಕೌಂಟ್‌ಗೆ ಕ್ಲಸ್ಟರ್-ಅಡ್ಮಿನ್ (ಪೂರ್ತಿ ಅಧಿಕಾರದ ರೋಲ್) ಕೊಡಬೇಡಿ. ‘ಎಡಿಟ್’ ರೋಲ್ ಕೂಡ ಆ ನೇಮ್‌ಸ್ಪೇಸಿನ ಸೀಕ್ರೆಟ್‌ಗಳನ್ನೆಲ್ಲ ಓದುತ್ತೆ. ಇಮೇಜ್ ಟ್ಯಾಗ್ ಬದಲಿಸೋದಷ್ಟೇ ಕೆಲಸ ಆದರೆ ಡಿಪ್ಲಾಯ್‌ಮೆಂಟ್ (ಪಾಡ್‌ಗಳನ್ನ ನೋಡಿಕೊಳ್ಳೋ ಆಬ್ಜೆಕ್ಟ್) ಮೇಲೆ ಗೆಟ್, ಲಿಸ್ಟ್, ವಾಚ್, ಪ್ಯಾಚ್ ಅನುಮತಿ ಸಾಕು. ಅಂದಹಾಗೆ 401 ಬಂದರೆ ಟೋಕನ್ ನೋಡಿ, 403 ಬಂದರೆ ರೋಲ್ ನೋಡಿ.

ಪ್ರಶ್ನೆ ಕೇಳಿದವರು:
ನೇಮ್‌ಸ್ಪೇಸ್ ಐದಿವೆ. ಪುಲ್ ಸೀಕ್ರೆಟ್ ಐದರಲ್ಲೂ ಬೇಕಾ?

ಉತ್ತರ 2:
ಬೇಕು, ಸೀಕ್ರೆಟ್ ನೇಮ್‌ಸ್ಪೇಸ್ ದಾಟಲ್ಲ. ಕ್ರಾನ್‌ಜಾಬ್‌ನಲ್ಲೇ ಲೂಪ್ ಹಾಕಿ. ಅದರ ಅಕೌಂಟ್‌ಗೆ ಐದರಲ್ಲೂ ಸೀಕ್ರೆಟ್ ಮೇಲೆ ಗೆಟ್, ಕ್ರಿಯೇಟ್, ಪ್ಯಾಚ್ ಇರಲಿ. ನೋಡ್‌ಗಳಿಗೆ ಕೈ ಹಾಕೋ ಅವಕಾಶ ಇದ್ದರೆ ಕ್ಯುಬ್ಲೆಟ್‌ಗೇ ಇಸಿಆರ್ ಕ್ರೆಡೆನ್ಷಿಯಲ್ ಪ್ರೊವೈಡರ್ (ಟೋಕನ್ ತಾನೇ ತರೋ ಪ್ಲಗಿನ್) ಜೋಡಿಸಿ, ಸೀಕ್ರೆಟ್ಟೂ ಬೇಡ, ಕ್ರಾನ್‌ಜಾಬೂ ಬೇಡ. ಆದರೆ ನಿಮ್ಮ ನೋಡ್‌ಗಳು ಎಡಬ್ಲ್ಯೂಎಸ್ ಹೊರಗಿರೋದರಿಂದ ಇಸಿಆರ್ ಓದೋಕಷ್ಟೇ ಅನುಮತಿ ಇರೋ ಕೀ ಪ್ರತಿ ನೋಡ್‌ನಲ್ಲೂ ಇಡಬೇಕಾಗುತ್ತೆ.